ನಾಗರಪಂಚಮಿಗೆ ಮಕ್ಕಳನ್ನು ಬನಕ್ಕೆ ಕರ್ಕೊಂಡು ಹೋಗುವವರಿಗೆ

ಶ್ರಾವಣ ಶುದ್ಧ ಪಂಚಮಿಗೆ ನಮ್ಮ ಮಂಗ್ಳೂರು ಉಡುಪಿ ಕಡೆಯವ್ರು ಎಲ್ಲಿದ್ರೂ ಕುಟುಂಬದ ಮೂಲ ನಾಗಬನಕ್ಕೆ (ನಾಗನ ಕಲ್ಲು ಇರುವ ಮರಗಳ ಬನ) ಬಂದು ತನು ಹಾಕಿಸ್ತಾರೆ, ಅಂದ್ರೆ ನಾಗನ ಕಲ್ಲಿಗೆ ಹಾಲು, ಸೀಯಾಳ ಎರೆಸ್ತಾರೆ, ಆದ್ರೆ ಮಕ್ಳು "ಇದು ಯಾವ ನಾಗ, ಹಾಲು ಎಂತಕ್ಕೆ ಹಾಕುದು" ಅಂತ ಕೇಳಿದ್ರೆ "ಸುಮ್ನೆ ಕೈ ಮುಗಿ" ಅಂತ ಬಾಯಿ ಮುಚ್ಚಿಸ್ತೇವೆ. ಹಾಗೆ ಮಾಡ್ಬೇಡಿ ಮಾರಾಯ್ರೆ, ಕಥೆ ಹೇಳಿ ಕರ್ಕೊಂಡು ಹೋಗಿ.

ಸಾಮಾನು ಹಿಂದಿನ ದಿನವೇ ರೆಡಿ ಮಾಡಿ: ದನದ ಹಾಲು, ಸೀಯಾಳ, ಅರಶಿನ ಪುಡಿ, ಹಿಂಗಾರ (ಅಡಿಕೆಯ ಹೂ), ಕೇದಗೆ, ಸಂಪಿಗೆ, ಹಣ್ಣುಕಾಯಿ. ಬಾಕಿದ್ದು ಭಟ್ರ ಹತ್ರ ಕೇಳಿ, ಒಂದೊಂದು ಕುಟುಂಬಕ್ಕೆ ಒಂದೊಂದು ಕ್ರಮ ಉಂಟು.

ಕಥೆ ದಾರಿಯಲ್ಲೇ ಶುರು ಮಾಡಿ. ಕಶ್ಯಪರ ಹೆಂಡತಿ ಕದ್ರು ನಾಗಗಳ ಅಮ್ಮ, ಅವಳು ಸವತಿ ವಿನತೆ (ಗರುಡನ ಅಮ್ಮ) ಹತ್ರ ಉಚ್ಚೈಃಶ್ರವಸ್ ಕುದುರೆಯ ಬಾಲ ಕಪ್ಪು ಅಂತ ಪಂಥ ಕಟ್ಟಿ, ಗೆಲ್ಲಿಕ್ಕೋಸ್ಕರ ಮಕ್ಕಳನ್ನೇ ಕಪ್ಪು ಕೂದಲಾಗಿ ಬಾಲಕ್ಕೆ ಅಂಟಿಕೊಳ್ಳಿ ಅಂದ್ಳು. ಒಪ್ಪದವರಿಗೆ ಜನಮೇಜಯನ ಯಾಗದ ಬೆಂಕಿಯಲ್ಲಿ ಸುಟ್ಟುಹೋಗಿ ಅಂತ ಶಾಪ. ಶೇಷ ಈ ಅಣ್ಣತಮ್ಮಂದಿರ ಸಹವಾಸವೇ ಬೇಡ ಅಂತ ತಪಸ್ಸಿಗೆ ಹೋದ, ಬ್ರಹ್ಮ ಅವನಿಗೆ ಭೂಮಿ ಹೊರುವ ಕೆಲಸ ಕೊಟ್ಟ. ವಾಸುಕಿ ಸಮುದ್ರ ಮಥನಕ್ಕೆ ಹಗ್ಗ ಆದವ, ಗರುಡನ ಹೆದರಿಕೆಗೆ ಕುಕ್ಕೆಯಲ್ಲಿ ತಪಸ್ಸು ಮಾಡಿ ಸುಬ್ರಹ್ಮಣ್ಯನ ಆಸರೆ ಪಡೆದವನೂ ಅವನೇ ಅಂತ ನಮ್ಮಲ್ಲಿ ನಂಬಿಕೆ. ತಕ್ಷಕ ಪರೀಕ್ಷಿತನನ್ನು ಕಚ್ಚಿದವ, ಅದಕ್ಕೇ ಮಗ ಜನಮೇಜಯ ಸರ್ಪಯಾಗಕ್ಕೆ ಕೂತದ್ದು.

ಇಲ್ಲಿ ಮಾತ್ರ ಗಡಿಬಿಡಿ ಮಾಡ್ಬೇಡಿ, ನಿಧಾನ ಹೇಳಿ. ಮಂತ್ರ ಹೇಳಿದ ಹಾಗೆ ಹಾವುಗಳು ಒಂದೊಂದೇ ಬಂದು ಬೆಂಕಿಗೆ ಬೀಳ್ತಾ ಉಂಟು, ಇಂದ್ರನ ಹತ್ರ ಅಡಗಿದ್ದ ತಕ್ಷಕನೂ ಎಳೆದು ಬಂದು ಆಕಾಶದಿಂದ ಬೀಳ್ತಿದ್ದಾನೆ, ಆಗ ಆಸ್ತೀಕ ಅನ್ನುವ ಹುಡುಗ "ನಿಲ್ಲು, ನಿಲ್ಲು, ನಿಲ್ಲು" ಅಂದ, ತಕ್ಷಕ ನಡು ಆಕಾಶದಲ್ಲೇ ನಿಂತ! ರಾಜ ವರ ಕೊಡ್ತೇನೆ ಅಂದಾಗ ಚಿನ್ನ, ದನ ಯಾವುದೂ ಬೇಡ, ಯಾಗ ನಿಲ್ಸಿ ಅಂತ ಹಟ ಹಿಡಿದು ನಿಲ್ಲಿಸಿದ. ಆಸ್ತೀಕ ವಾಸುಕಿಯ ತಂಗಿಯ ಮಗ, ಅಂದ್ರೆ ಅಳಿಯ ಬಂದು ಮಾವನ ಕುಲ ಉಳಿಸಿದ್ದು, ಅಳಿಯಕಟ್ಟಿನ (ಮಾವನಿಂದ ತಂಗಿಯ ಮಕ್ಕಳಿಗೆ ಹಕ್ಕು ಬರುವ ಪದ್ಧತಿ) ನಮ್ಮ ಊರಿನ ಮಕ್ಕಳಿಗೆ ಇದು ಬೇಗ ಮನಸ್ಸಿಗೆ ಹೋಗ್ತದೆ. ಆ ಯಾಗ ನಿಂತ ದಿನವೇ ಪಂಚಮಿ ಅಂತ ಹೇಳುದು.

ಬನಕ್ಕೆ ಹೋದ ಮೇಲೆ ಅರಶಿನ ಹಾಕುವ ಮೊದ್ಲೇ ಕಲ್ಲನ್ನು ಹತ್ತಿರದಿಂದ ತೋರಿಸಿ, ಮತ್ತೆ ಗೆರೆ ಕಾಣುದಿಲ್ಲ. ಒಂದು ಹೆಡೆಯಾ ಐದಾ ಏಳಾ ಅಂತ ಅವ್ರೇ ಎಣಿಸ್ಲಿ, ಕೆಲವು ಕಲ್ಲಲ್ಲಿ ಎರಡು ನಾಗ ಹೆಣೆದುಕೊಂಡಿರ್ತದೆ. ಹಾಲು ಕಲ್ಲಿಗೆ ಮಾತ್ರ, ನಿಜವಾದ ಹಾವು ಕಂಡ್ರೆ ದೂರ ನಿಂತು ಅದರ ಪಾಡಿಗೆ ಹೋಗ್ಲಿಕ್ಕೆ ಬಿಡಿ, ಹಾಲು ಅದರ ಆಹಾರವೇ ಅಲ್ಲ. ಹಾಲಿನ ಪ್ಯಾಕೆಟ್, ಕರ್ಪೂರದ ಕವರ್ ಎಲ್ಲ ವಾಪಸ್ ತನ್ನಿ. ಮರ ಕಡಿದು ಟೈಲ್ಸ್ ಹಾಕುವ ಮಾತು ಕುಟುಂಬದಲ್ಲಿ ಬಂದ್ರೆ ದಯವಿಟ್ಟು ಬೇಡ ಅನ್ನಿ, ಮರ ಇಲ್ಲದ್ದು ಬನ ಹೇಗಾಗ್ತದೆ?

ಮಂಗ್ಳೂರಿನವ್ರು ಕುಡುಪಿನ ಅನಂತಪದ್ಮನಾಭ ದೇವಸ್ಥಾನಕ್ಕೂ ಹೋಗಿ, ಈ ಅನಂತ ಅಂದ್ರೆ ದಾರಿಯಲ್ಲಿ ಹೇಳಿದ ಶೇಷನೇ ಅಂತ ಹೇಳಿ. ಪಂಚಮಿ ದಿನ ತುಂಬ ರಶ್ ಇರ್ತದೆ, ಸಣ್ಣ ಮಕ್ಳಿದ್ರೆ ಬೇರೆ ದಿನ ಹೋಗುದು ಒಳ್ಳೇದು.