ಕ್ಯಾಲಿಫೋರ್ನಿಯಾದಲ್ಲಿ ಕಾಂಟ್ರಾಕ್ಟರ್ ಲೈಸೆನ್ಸ್ ರಿನ್ಯೂ ಮಾಡಿಸಿದ್ದು: ನನ್ನ ಅನುಭವ

ಫ್ರೀಮಾಂಟ್ ಕಡೆ ಮನೆ ರಿಪೇರಿ, ಕಿಚನ್, ಬಾತ್‌ರೂಮ್ ರಿಮಾಡೆಲಿಂಗ್ ಮಾಡ್ತೀನಿ, ಬಿ ಲೈಸೆನ್ಸ್ (ಅಂದ್ರೆ ಜನರಲ್ ಬಿಲ್ಡಿಂಗ್ ಕೆಲಸದ್ದು), ಬಿಸಿನೆಸ್ ನನ್ನೊಬ್ಬನ ಹೆಸರಲ್ಲೇ ಇರೋದು. ಲೈಸೆನ್ಸ್ ಕೊಡೋದು ಸ್ಯಾಕ್ರಮೆಂಟೋದಲ್ಲಿರೋ ಸಿಎಸ್‌ಎಲ್‌ಬಿ ಅನ್ನೋ ಸ್ಟೇಟ್ ಬೋರ್ಡು, ಎರಡು ವರ್ಷಕ್ಕೊಂದ್ಸಲ ರಿನ್ಯೂ ಆಗ್ಬೇಕು. ನಂದು ಈಗಷ್ಟೇ ಆಯ್ತು, ಈ ಲೈನಿಗೆ ಹೊಸದಾಗಿ ಬಂದಿರೋ ನಮ್ಮ ಹುಡುಗರು ಕೆಲವರು ಕೇಳ್ತಾನೇ ಇದ್ರು, ಅದಕ್ಕೆ ಬರೀತಿದೀನಿ.

ಲೇಟಾದ್ರೆ ಫೈನ್ ಕಟ್ಟಿದ್ರಾಯ್ತು ಅಂತ ತುಂಬಾ ಜನ ಅಂದ್ಕೊಂಡಿದಾರೆ. ಒಬ್ಬನೇ ಓನರ್ ಆದ್ರೆ ಟೈಮಿಗೆ ಸರಿಯಾಗಿ ಕಟ್ಟಿದ್ರೆ 450 ಡಾಲರ್, ಲೇಟಾದ್ರೆ 675, ಅದು ದೊಡ್ಡ ವಿಷಯ ಅಲ್ಲ. ದೊಡ್ಡ ವಿಷಯ ಇಲ್ಲಿನ ಕಾನೂನಿನ ಸೆಕ್ಷನ್ 7031. ಕೆಲಸ ನಡೀತಿರೋವಷ್ಟು ದಿನವೂ ಲೈಸೆನ್ಸ್ ಚಾಲ್ತಿಯಲ್ಲಿರಬೇಕು, ಮಧ್ಯೆ ಗ್ಯಾಪ್ ಬಿತ್ತು ಅಂದ್ರೆ ಬಾಕಿ ದುಡ್ಡಿಗೆ ಕೋರ್ಟಿಗೆ ಹೋಗೋಕಾಗಲ್ಲ, ಅಷ್ಟೇ ಅಲ್ಲ ಕೆಲಸ ಮಾಡಿಸ್ತಿರೋ ಮನೆ ಓನರ್ ಆಗ್ಲೇ ಕೊಟ್ಟಿರೋ ದುಡ್ಡನ್ನೂ ವಾಪಸ್ ಕೇಳಬಹುದು. ಟೈಲ್ಸ್ ಹಾಕಿ, ಕ್ಯಾಬಿನೆಟ್ ಕೂರಿಸಿ, ಸಬ್‌ಗಳಿಗೆಲ್ಲ (ನಮ್ಮ ಕೈಕೆಳಗಿನ ಸಬ್‌ಕಾಂಟ್ರಾಕ್ಟರ್‌ಗಳಿಗೆ) ಕೈಯಿಂದ ಕೊಟ್ಟಾದ ಮೇಲೆ ಹಿಂಗಾದ್ರೆ ಏನ್ ಗತಿ ಹೇಳಿ.

ಅದಕ್ಕೇ ನಾನು ಫಾರ್ಮ್ ಮುಟ್ಟೋಕೆ ಮುಂಚೆ ಬಾಂಡ್ ನೋಡ್ತೀನಿ, ಅಂದ್ರೆ ನಾವು ತಪ್ಪು ಮಾಡಿ ಗಿರಾಕಿಗೆ ನಷ್ಟ ಆದ್ರೆ ಪರಿಹಾರ ಸಿಗ್ಲಿ ಅಂತ ಬಾಂಡ್ ಕಂಪನಿ ಕೊಡೋ ಗ್ಯಾರಂಟಿ. 2023ರ ಜನವರಿಯಿಂದ ಬಾಂಡ್ ಮೊತ್ತ 15,000ದಿಂದ 25,000 ಡಾಲರ್ ಆಗಿದೆ, ಅಷ್ಟನ್ನೂ ನಾವು ಕಟ್ಟಬೇಕಿಲ್ಲ, ಪ್ರೀಮಿಯಂ ಮಾತ್ರ. ಆದ್ರೆ ಬಾಂಡ್ ಕ್ಯಾನ್ಸಲ್ ಆಗಿ ಜಾಗಕ್ಕೆ ಬೇರೆದು ಬರದಿದ್ರೆ ಲೈಸೆನ್ಸ್ ಸಸ್ಪೆಂಡ್, ರಿನ್ಯೂವಲ್ ಡೇಟ್ ಇನ್ನೂ ದೂರ ಇದ್ರೂ ಅಷ್ಟೇ. ಇನ್ನೊಂದು, ಬಾಂಡಲ್ಲಿರೋ ಹೆಸರು ಲೈಸೆನ್ಸಲ್ಲಿರೋ ಥರಾನೇ ಇರಬೇಕು. ನಮ್ಮವರಿಗೆ ಇದು ದೊಡ್ಡ ತಲೆನೋವು, ಊರಿನ ಹೆಸರು ಅಪ್ಪನ ಹೆಸರು ಇನಿಷಿಯಲ್ ಆಗಿರುತ್ತೆ, ಪಾಸ್‌ಪೋರ್ಟಲ್ಲಿ ಅದನ್ನೇ ಬಿಡಿಸಿ ಬರೆದಿರ್ತಾರೆ, ಡ್ರೈವಿಂಗ್ ಲೈಸೆನ್ಸಲ್ಲಿ ಹಿಂದುಮುಂದಾಗಿರುತ್ತೆ. ಈ ಸಲ ಬ್ರೋಕರ್ ಕಳಿಸಿದ ಕಾಪಿಯಲ್ಲಿ ನನ್ನ ಇನಿಷಿಯಲ್ ಬಿಡಿಸಿ ಪೂರ್ತಿ ಬರೆದಿದ್ರು. ಗೋಡೆ ಮೇಲಿನ ಸರ್ಟಿಫಿಕೇಟ್ ಇಳಿಸಿ ಪಕ್ಕದಲ್ಲಿಟ್ಕೊಂಡು ಫೋನಲ್ಲಿ ಒಂದೊಂದೇ ಅಕ್ಷರ ಓದಿ ಹೇಳ್ದೆ, ತಿದ್ದಿ ಕಳಿಸಿದ್ರು.

ಆಮೇಲೆ ವರ್ಕರ್ಸ್ ಕಾಂಪ್, ಅಂದ್ರೆ ಕೆಲಸದಲ್ಲಿ ಗಾಯ ಆದ್ರೆ ಕೆಲಸಗಾರರಿಗೆ ಸಿಗೋ ಇನ್ಶೂರೆನ್ಸ್. ನನ್ನ ಹತ್ರ ಸಂಬಳದ ಕೆಲಸಗಾರರಿಲ್ಲ, ಪ್ಲಂಬಿಂಗ್ ಎಲೆಕ್ಟ್ರಿಕಲ್ ಎಲ್ಲ ಲೈಸೆನ್ಸ್ ಇರೋ ಸಬ್‌ಗಳಿಗೇ ಕೊಡೋದು, ಹಾಗಾಗಿ ಈ ಪಾಲಿಸಿ ಬೇಡ ಅನ್ನೋ ಎಕ್ಸೆಂಪ್ಶನ್ ಇದೆ. ಹೋದ ಸಲ ಕೊಟ್ಟಿದ್ದೀನಲ್ಲ ಅಂತ ಬಿಡೋ ಹಂಗಿಲ್ಲ, ಪ್ರತಿ ರಿನ್ಯೂವಲ್‌ಗೂ ಹೊಸದಾಗಿ ಸಹಿ ಮಾಡ್ಬೇಕು. ಒಬ್ಬ ಹೆಲ್ಪರ್‌ನ ಇಟ್ಕೊಂಡಿದ್ರೂ ದಯವಿಟ್ಟು ಅದಕ್ಕೆ ಸಹಿ ಹಾಕ್ಬೇಡಿ, ಏಣಿ ಮೇಲಿಂದ ಆತ ಬಿದ್ರೆ ಅವನ ಆಸ್ಪತ್ರೆ ಖರ್ಚು ಯಾರು ನೋಡ್ತಾರೆ? ರೂಫಿಂಗ್‌ನವರಿಗೆ ಕೆಲಸಗಾರರಿಲ್ಲದಿದ್ರೂ ಪಾಲಿಸಿ ಬೇಕೇಬೇಕು, 2028ರ ಜನವರಿಯಿಂದ ನಮಗೂ ಅದೇ ರೂಲ್ ಬರುತ್ತೆ, ಈಗಿಂದ್ಲೇ ಕೊಟೇಶನ್‌ನಲ್ಲಿ ಆ ಖರ್ಚು ಸೇರಿಸಿ ಲೆಕ್ಕ ಹಾಕೋದು ಒಳ್ಳೇದು.

ಫಾರ್ಮ್ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಎಕ್ಸ್‌ಪೈರಿಗೆ ಸುಮಾರು 60 ದಿನ ಮುಂಚೆ ಬೋರ್ಡಲ್ಲಿರೋ ಅಡ್ರೆಸ್‌ಗೆ ಬರುತ್ತೆ, ಮನೆ ಬದಲಾಯಿಸಿದ್ರೆ 90 ದಿನದೊಳಗೆ ತಿಳಿಸಿರಬೇಕು. ನಾನು ಆನ್‌ಲೈನಲ್ಲೇ ಕಾರ್ಡಲ್ಲಿ ಕಟ್ದೆ. ಪೇಪರಲ್ಲಿ ಕಳಿಸೋರು ಸಹಿ, ಪ್ರಶ್ನೆಗಳು ಎಲ್ಲಾ ನೋಡ್ಕೊಳ್ಳಿ, ಒಂದು ಖಾಲಿ ಬಿಟ್ರೂ ವಾಪಸ್ ಬರುತ್ತೆ. ಸಿಟಿಯ ಬಿಸಿನೆಸ್ ಲೈಸೆನ್ಸ್ ಬೇರೆ, ಅದನ್ನ ಕಟ್ಟಿದ್ರೆ ಇದು ಆದಂಗಲ್ಲ.

ದುಡ್ಡು ಕಟ್ಟಾದ ಮೇಲೆ ಬೋರ್ಡಿನ ಸೈಟಲ್ಲಿ ನನ್ನ ನಂಬರ್ ಹಾಕಿ ಆಕ್ಟಿವ್ ಅಂತ ಹೊಸ ತಾರೀಖು ಬರೋವರೆಗೂ ಚೆಕ್ ಮಾಡ್ತಾ ಇರ್ತೀನಿ. ಬಂದ ದಿನ ಆ ಪೇಜ್ ಪ್ರಿಂಟ್ ತೆಗೆದು ನಡೀತಿರೋ ಒಂದೊಂದು ಕೆಲಸದ ಫೈಲಿಗೂ ಒಂದೊಂದು ಕಾಪಿ ಹಾಕ್ತೀನಿ, ಬಾಂಡ್ ಕಾಪಿ ಅದರ ಹಿಂದೆ.