ಹಿನ್ನೀರಿನ ನಕ್ಷೆ ಬೇಸಿಗೆಯಲ್ಲೇ ಬರೆದುಕೊಳ್ಳಿ

ಮಲ್ಪೆಯಿಂದಲೋ ಮಂಗಳೂರಿನಿಂದಲೋ ಸಮುದ್ರಕ್ಕೆ ಇಳಿಯುವವರಿಗೆ ಡೆಹ್ರಾಡೂನಿನಲ್ಲಿರುವ ನೌಕಾಪಡೆಯ ಹೈಡ್ರೋಗ್ರಾಫಿಕ್ ಕಚೇರಿ ಚಾರ್ಟ್ ಮಾಡಿಕೊಡುತ್ತದೆ. ಎಲ್ಲಿ ಎಷ್ಟು ಆಳ, ಎಲ್ಲಿ ಬಂಡೆ, ಎಲ್ಲಿ ಮುಳುಗಿದ ಹಡಗು ಎಲ್ಲವೂ ಅದರಲ್ಲಿರುತ್ತದೆ. ನಮ್ಮ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದ ಚಾರ್ಟ್ ಕೊಡಿ ಅಂತ ಯಾವ ಅಂಗಡಿಗೆ ಹೋಗಿ ಕೇಳೋಣ? ಫೋನಿನ ಮ್ಯಾಪ್ ತೆಗೆದರೆ ಒಂದು ನೀಲಿ ಬಣ್ಣ, ಅಷ್ಟೇ. ಆ ನೀಲಿಯ ಕೆಳಗೆ ತೆಂಗಿನ ಬೊಡ್ಡೆ ಇದೆಯೋ, ಹಾಳುಬಾವಿ ಇದೆಯೋ, ಯಾರದೋ ಹೊಲದ ಬೇಲಿಗಲ್ಲು ಇನ್ನೂ ನಿಂತಿದೆಯೋ ಅದಕ್ಕೆ ಗೊತ್ತಿಲ್ಲ.

ನಾನು ಸರ್ವೆಯಲ್ಲಿದ್ದು ನಿವೃತ್ತನಾದವನು. ನನ್ನ ಭಾಮೈದ ಈ ನೀರಿನಲ್ಲಿ ಬಲೆ ಬಿಟ್ಟು ಸಂಸಾರ ನಡೆಸುವವನು. ಅವನದೊಂದು ಫೈಬರ್ ದೋಣಿ, ಅದಕ್ಕೆ ಸಣ್ಣ ಮೋಟಾರು, ಜೊತೆಗೊಂದು ತೆಪ್ಪ. ನಾವಿಬ್ಬರೂ ಸೇರಿ ನಮ್ಮ ನಕ್ಷೆಯನ್ನು ನಾವೇ ಮಾಡಿಕೊಂಡ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಬೋರನಕಣಿವೆಯಲ್ಲಾಗಲಿ, ಗುಡಿಬಂಡೆಯ ಭೈರಸಾಗರದಲ್ಲಾಗಲಿ, ಬೇತಮಂಗಲದ ಕೆರೆಯಲ್ಲಾಗಲಿ ಇದೇ ಲೆಕ್ಕ ನಡೆಯುತ್ತದೆ.

ಮೊದಲು ಮಟ್ಟದ ವಿಷಯ. ಇದು ತಲೆಗೆ ಹತ್ತಿದರೆ ಉಳಿದದ್ದೆಲ್ಲ ಸುಲಭ. ಸಮುದ್ರದ ಚಾರ್ಟಿನಲ್ಲಿ ಆಳ ಬರೆಯುವುದು ಇಳಿತದ ಕೆಳಮಟ್ಟದಿಂದ ಲೆಕ್ಕ ಹಾಕಿ. ನೀರು ಇಳಿದಾಗಲೂ ಹೆಚ್ಚುಕಮ್ಮಿ ಇಷ್ಟು ಆಳ ಸಿಗುತ್ತದೆ ಅನ್ನುವ ಅಂಕಿ ಅದು. ನಮ್ಮಲ್ಲಿ ದಿನಕ್ಕೆರಡು ಸಲ ಭರತ ಇಳಿತ ಇಲ್ಲ, ಆದರೆ ಮಳೆಗಾಲ ಕಳೆದು ಬೇಸಿಗೆ ಬರುವಷ್ಟರಲ್ಲಿ ನೀರು ಎಲ್ಲಿಂದ ಎಲ್ಲಿಗೋ ಇಳಿದಿರುತ್ತದೆ. ಹಾಗಾಗಿ ಬದಲಾಗದ ಒಂದು ಮಟ್ಟ ಹಿಡಿದುಕೊಳ್ಳಬೇಕು. ನಾವು ಹಿಡಿದದ್ದು ಕೋಡಿ. ನಕ್ಷೆಯಲ್ಲಿ ಬರೆಯುವ ಪ್ರತಿ ಅಂಕಿಯೂ ಕೋಡಿಗಿಂತ ಎಷ್ಟು ಅಡಿ ಕೆಳಗೆ ಅನ್ನುವುದೇ. ಅಣೆಕಟ್ಟೆಯಾದರೆ ದಿನಾ ಗೇಜು ಓದುವ ಸಿಬ್ಬಂದಿ ಇರುತ್ತಾರೆ, ವಿಚಾರಿಸಿ. ಊರ ಕೆರೆಯಾದರೆ ತೂಬಿನ ಕಲ್ಲುಕಂಬಕ್ಕೆ ಟೇಪು ಹಿಡಿದು ಕೋಡಿ ಮಟ್ಟದಿಂದ ಕೆಳಕ್ಕೆ ಅಡಿಗೊಂದು ಗೆರೆ ಬಣ್ಣ ಹೊಡೆದರೆ ಆಯಿತು.

ಬೇಸಿಗೆಯಲ್ಲಿ ನೀರು ಇಳಿಯುತ್ತಾ ಒಂದು ತೆಂಗಿನ ಬೊಡ್ಡೆ ತಲೆ ತೋರಿಸಿತು ಅಂದುಕೊಳ್ಳಿ. ಆ ದಿನ ನೀರು ಕೋಡಿಗಿಂತ 9 ಅಡಿ ಕೆಳಗಿತ್ತು. ಫೋನಿನಲ್ಲಿ ಗುರುತು ಹಾಕಿ ‘ಬೊಡ್ಡೆ 9’ ಅಂತ ಹೆಸರಿಡಿ. ಲೆವೆಲ್ ಉಪಕರಣ ಬೇಡ, ನೀರೇ ಮಟ್ಟ ತೋರಿಸಿಕೊಟ್ಟಿದೆ. ಮಳೆ ಬಂದು ನೀರು ಏರಿ ಕೋಡಿಗೆ ಇನ್ನು 6 ಅಡಿ ಬಾಕಿ ಅನ್ನುವಾಗ ಆ ಬೊಡ್ಡೆಯ ಮೇಲೆ 3 ಅಡಿ ನೀರು. ತೆಪ್ಪ ಧಾರಾಳವಾಗಿ ಹೋಗುತ್ತದೆ. ಮೋಟಾರಿನ ಫ್ಯಾನು ಎರಡಡಿ ಕೆಳಗಿದ್ದರೆ ಅಲೆ ಎದ್ದಾಗ ತಾಗಬಹುದು. ಕೋಡಿಗೆ 8 ಅಡಿ ಬಾಕಿ ಇದ್ದರೆ ಮೇಲಿರುವುದು ಒಂದೇ ಅಡಿ ನೀರು. ಎಲ್ಲಕ್ಕಿಂತ ಕೆಟ್ಟ ಮಟ್ಟ ಇದೇ. ಬೊಡ್ಡೆ ಕಣ್ಣಿಗೆ ಬೀಳುವುದಿಲ್ಲ, ದೋಣಿಯ ತಳವನ್ನು ಬಿಡುವುದೂ ಇಲ್ಲ.

ಇನ್ನು ಆಳದ ಗೆರೆಗಳು. ಇದಕ್ಕೆ ದೋಣಿಯೇ ಬೇಡ. ಮಾರ್ಚಿನಿಂದ ಮೇ ತನಕ, ಆಗಾಗ, ಟ್ರ್ಯಾಕ್ ರೆಕಾರ್ಡಿಂಗ್ ಹಾಕಿಕೊಂಡು ನೀರಿನ ಅಂಚಿನಲ್ಲೇ ನಡೆಯಿರಿ. ಅಂದು ನೀರು ಕೋಡಿಗಿಂತ 12 ಅಡಿ ಕೆಳಗಿದ್ದರೆ, ನೀವು ನಡೆದು ಫೋನಿನಲ್ಲಿ ಮೂಡಿದ ಗೆರೆ 12 ಅಡಿ ಆಳದ ಗೆರೆ. ನೀರು ಇನ್ನಷ್ಟು ಇಳಿದ ಮೇಲೆ ಮತ್ತೆ ನಡೆದರೆ 15ರ ಗೆರೆ, ಆಮೇಲೆ 18ರದು. ಗೆರೆಗಳು ಒತ್ತೊತ್ತಾಗಿರುವ ಕಡೆ ದಡ ಕಡಿದಾಗಿದೆ, ದೂರದೂರ ಇರುವ ಕಡೆ ಚಪ್ಪಟೆ, ಮೋಟಾರು ಕೆಸರು ಕಡೆಯುವ ಜಾಗ. ನಡೆಯುವಾಗ ತೀರಾ ಅಂಚಿಗೆ ಹೋಗಬೇಡಿ. ಮೇಲೆ ಒಣಗಿದಂತೆ ಕಂಡು ಒಳಗೆ ಮೊಣಕಾಲು ಹೂಳುವ ಕೆಸರಿರುತ್ತದೆ. ನಾಲ್ಕು ಹೆಜ್ಜೆ ಈಚೆ ನೆಲ ಬಿರುಕು ಬಿಟ್ಟಿರುವಲ್ಲಿ ನಡೆದರೆ ನಕ್ಷೆಗೇನೂ ನಷ್ಟವಿಲ್ಲ. ಒಬ್ಬರೇ ಹೋಗಬೇಡಿ.

ನಡೆಯಲು ಆಗದವರಿಗೆ ಇನ್ನೊಂದು ದಾರಿ ಇದೆ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರ ನೋಡುವ ಸೌಲಭ್ಯವಿದೆ. ಬರದ ವರ್ಷದ ಬೇಸಿಗೆಯ ಚಿತ್ರ ಹುಡುಕಿ. ನೀರಿಲ್ಲದ ಅಂಗಳದಲ್ಲಿ ಹಳೇ ಹಳ್ಳದ ಪಾತ್ರ, ಬಂಡಿದಾರಿ ಕಾಣಸಿಗಬಹುದು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಪುಕ್ಕಟೆ ಸಿಗುತ್ತದೆ, ಆದರೆ ಅದರ ಒಂದು ಚುಕ್ಕಿ ಎಂದರೆ 10 ಮೀಟರ್. ನೀರಿನ ಅಂಚು ತಿಳಿಯುತ್ತದೆ, ಬೊಡ್ಡೆ ತಿಳಿಯುವುದಿಲ್ಲ. ನಾನು ಸರ್ವೆಯವನಾದ್ದರಿಂದ ಗ್ರಾಮ ನಕ್ಷೆಯನ್ನೂ ತೆಗೆಸಿ ನೋಡಿದೆ. ಬಾವಿ, ಹಳ್ಳ, ಬಂಡಿದಾರಿ ಇಂಥಲ್ಲಿವೆ ಅಂತ ಅಂದಾಜು ಸಿಗುತ್ತದೆ. ಅಂದಾಜು ಮಾತ್ರ, ಆ ಹಾಳೆಯನ್ನು ಫೋನಿನ ಮ್ಯಾಪಿನ ಮೇಲೆ ಹಾಸಿ ಅದರಂತೆ ದೋಣಿ ಬಿಡಬೇಡಿ.

ಗುರುತು ಹಾಕುವಾಗ ಆತುರ ಬೇಡ. ಜಾಗಕ್ಕೆ ಹೋಗಿ ನಿಂತು, ಫೋನನ್ನು ಬಯಲಿಗೆ ಹಿಡಿದು ಒಂದು ನಿಮಿಷ ಬಿಡಿ. ಸುತ್ತ ಕಾಣುವ ನೀಲಿ ವೃತ್ತ ಸಣ್ಣದಾದ ಮೇಲೆ ಉಳಿಸಿ. ಬೇಲಿಗಲ್ಲುಗಳ ಸಾಲಿದ್ದರೆ ಎರಡೂ ತುದಿಗೆ ಗುರುತು ಹಾಕಿ. ಕಟ್ಟೆ ಕುಸಿದ ಬಾವಿ, ಬಳ್ಳಾರಿ ಜಾಲಿಯ ಪೊದೆ, ಇಟ್ಟಿಗೆಗೂ ತೋಟಕ್ಕೂ ಮಣ್ಣು ತೆಗೆದ ಜೆಸಿಬಿ ಗುಂಡಿ ಯಾವುದನ್ನೂ ಬಿಡಬೇಡಿ. ಈ ಗುಂಡಿಗಳ ಬಗ್ಗೆ ನನಗೆ ಬಹಳ ಕೋಪ. ಮೊಣಕಾಲುದ್ದ ನೀರು ಅಂದುಕೊಂಡು ಬಲೆ ಬಿಡಿಸಲು ಇಳಿದವನು ಮುಂದಿನ ಹೆಜ್ಜೆಗೆ ಎರಡಾಳು ನೀರಿನಲ್ಲಿರುತ್ತಾನೆ. ವರ್ಷ ವರ್ಷ ಹೊಸ ಗುಂಡಿ ಬೀಳುವುದರಿಂದ ನಕ್ಷೆಯನ್ನೂ ವರ್ಷ ವರ್ಷ ತಿದ್ದಬೇಕು.

ಎಂದೂ ಬತ್ತದ ನಡು ಪಾತ್ರಕ್ಕೆ ಮಾತ್ರ ಹಗ್ಗ ಇಳಿಸಲೇಬೇಕು. ತೂಗುಗುಂಡಿಗೆ ನೈಲಾನ್ ಹಗ್ಗ ಕಟ್ಟಿ ಮೂರಡಿಗೊಂದು ಗಂಟು ಹಾಕಿ, ಗಾಳಿಯಿಲ್ಲದ ಬೆಳಗ್ಗೆ ಸಾಲು ಹಿಡಿದು ಅಳೆಯಿರಿ. ಬಂದ ಆಳಕ್ಕೆ ಅಂದು ಕೋಡಿಗೆ ಬಾಕಿ ಇರುವ ಅಡಿಗಳನ್ನು ಕೂಡಿಸಿ ಬರೆಯಲು ಮರೆಯಬೇಡಿ, ಇಲ್ಲದಿದ್ದರೆ ಎರಡು ಬೇರೆ ಬೇರೆ ಲೆಕ್ಕ ಒಂದೇ ಹಾಳೆಯಲ್ಲಿ ಕೂತುಬಿಡುತ್ತವೆ.

ಆ್ಯಪ್ ಯಾವುದು ಅಂತ ಕೇಳುವವರಿಗೆ: ನಾವು ಬಳಸುವುದು ಓಸ್ಮ್‌ಆ್ಯಂಡ್. ಗುರುತು ಹಾಕಲು, ಟ್ರ್ಯಾಕ್ ಉಳಿಸಲು, ಅವನ್ನೆಲ್ಲ ಒಂದೇ ಕಡೆ ಸೇರಿಸಿದ ಜಿಪಿಎಕ್ಸ್ ಫೈಲ್ ಮಾಡಿ ಬೇರೆಯವರಿಗೆ ಕಳಿಸಲು ಅದರಲ್ಲಿ ಬರುತ್ತದೆ. ಮನೆಯಲ್ಲೇ ಕರ್ನಾಟಕದ ಮ್ಯಾಪ್ ಇಳಿಸಿಕೊಂಡಿರಿ. ಜಿಪಿಎಸ್‌ಗೆ ಇಂಟರ್ನೆಟ್ ಬೇಡ, ಉಪಗ್ರಹದಿಂದ ನೇರ ಬರುತ್ತದೆ. ನೆಟ್ ಬೇಕಾಗುವುದು ಚಿತ್ರ ಇಳಿಸಲು. ನೆಟ್ ಇಲ್ಲದಿದ್ದರೆ ಮೊದಲ ಸಲ ಜಾಗ ಹಿಡಿಯಲು ತಡವಾಗುತ್ತದೆ, ಆದ್ದರಿಂದ ದಡದಲ್ಲಿದ್ದಾಗಲೇ ಆನ್ ಮಾಡಿ.

ಅಂಕಿ ಬರೆಯುವ ಕ್ರಮದಲ್ಲಿ ಎಲ್ಲರೂ ಒಂದೇ ಪದ್ಧತಿ ಇಟ್ಟುಕೊಳ್ಳಿ. 12 ಡಿಗ್ರಿ 55 ನಿಮಿಷ ಅನ್ನುವುದು ದಶಮಾಂಶದಲ್ಲಿ 12.9167. ಅದನ್ನೇ ಯಾರಾದರೂ 12.55 ಅಂತ ಹೊಡೆದರೆ ಗುರುತು ಸುಮಾರು 40 ಕಿ.ಮೀ. ತೆಂಕಲಿಗೆ ಹೋಗಿ ಮಂಡ್ಯದ ಹತ್ತಿರ ಕೂರುತ್ತದೆ. ದಶಮಾಂಶದ ನಾಲ್ಕನೇ ಅಂಕಿ ಸುಮಾರು 11 ಮೀಟರ್, ಐದನೆಯದು ಒಂದು ಮೀಟರ್. ಐದರವರೆಗೆ ಬರೆದರೆ ಸಾಕು.

ಬರೆದದ್ದು ಐದು ಅಂಕಿಯಾದರೂ ಫೋನು ಅಷ್ಟು ಕರಾರುವಾಕ್ಕಲ್ಲ. ಬಯಲಿನಲ್ಲಿ ಸುಮಾರು 5 ಮೀಟರ್ ಆಚೆಈಚೆ. ಎಡಕ್ಕೈದು ಬಲಕ್ಕೈದು ಸೇರಿ 10 ಮೀಟರ್, ಅಂದರೆ ನಮ್ಮ ಸರ್ವೆಯ ಹಳೇ 33 ಅಡಿ ಅಳತೆ ಚೈನು; ಚೈನುದ್ದ ಚೈನಗಲ ಒಂದು ಗುಂಟೆ. ಫೋನು ಹೇಳುವುದು ‘ಈ ಗುಂಟೆಯೊಳಗೆ ಎಲ್ಲೋ ಇದ್ದೀಯ’ ಎಂದಷ್ಟೇ. ಬೊಡ್ಡೆಗೆ ಗುರುತು ಹಾಕಿದ ದಿನವೂ ಇದೇ ತಪ್ಪು ಇತ್ತು, ಇವತ್ತೂ ಇದೆ. ಎರಡೂ ಸೇರಿಸಿ, ಮೇಲಷ್ಟು ಹಿಡಿದು, ಅಪಾಯದ ಗುರುತಿನಿಂದ 25 ಮೀಟರ್ ದೂರ ಇರಿ. ಬೊಡ್ಡೆ ಸಾಲುಗಳ ನಡುವೆ ಸಂದು ಹುಡುಕಿ ನುಗ್ಗಲು ಜಿಪಿಎಸ್ ನಂಬಬೇಡಿ. ಅಲ್ಲಿ ಮೋಟಾರು ಎತ್ತಿ, ಹುಟ್ಟು ಹಾಕಿ, ಕಣ್ಣಿನಿಂದ ನೋಡಿಕೊಂಡೇ ಹೋಗಬೇಕು.

ನೀರಿಗಿಳಿದ ಮೇಲೆ ಇನ್ನೊಂದು ವಿಷಯ. ಹೋಗಬೇಕಾದ ಗುರುತನ್ನು ಒತ್ತಿದರೆ ಫೋನು ಅಲ್ಲಿಗೆ ನೆಟ್ಟಗೆ ಗೆರೆ ಎಳೆಯುತ್ತದೆ, ನಡುವೆ ಏನಿದೆ ಎಂದು ಅದು ಕೇಳುವುದಿಲ್ಲ. ಆದ್ದರಿಂದ ದಾರಿಯನ್ನು ತುಂಡು ತುಂಡಾಗಿ ಮಾಡಿ: ದಡದಿಂದ ಹಳ್ಳದ ಪಾತ್ರಕ್ಕೆ, ಪಾತ್ರದ ತಿರುವಿಗೆ, ಅಲ್ಲಿಂದ ಬಲೆಗೆ. ನಿಂತಲ್ಲೇ ನಿಂತ ತೆಪ್ಪದಲ್ಲಿ ಫೋನಿನ ಬಾಣ ಸುಮ್ಮನೆ ಸುತ್ತುತ್ತದೆ. ನಾಲ್ಕು ಹುಟ್ಟು ಮುಂದೆ ಹೋದ ಮೇಲೆ ತೋರಿಸುವ ದಿಕ್ಕನ್ನು ಮಾತ್ರ ಲೆಕ್ಕಕ್ಕಿಡಿ. ಆಷಾಢದ ಗಾಳಿಯಲ್ಲಿ ತೆಪ್ಪ ಮುಂದಕ್ಕೆ ಹೋದಷ್ಟೇ ಪಕ್ಕಕ್ಕೂ ಸರಿಯುತ್ತದೆ, ಗಾಳಿ ಬರುವ ಕಡೆಗೆ ಸ್ವಲ್ಪ ಹೆಚ್ಚು ಗುರಿ ಇಟ್ಟುಕೊಳ್ಳಿ.

ಇಬ್ಬರಿದ್ದರೆ ಕೆಲಸ ಹಂಚಿಕೊಳ್ಳಿ. ನಮ್ಮಲ್ಲಿ ಇದನ್ನು ತೀರ್ಮಾನ ಮಾಡಿದವನು ಭಾಮೈದನೇ: ‘ಭಾವ, ನೀವು ಫೋನ್ ನೋಡ್ಕೊಂಡಿರಿ, ನಾನು ನೀರು ನೋಡ್ಕೋತೀನಿ. ಇಬ್ರೂ ಫೋನೇ ನೋಡ್ತಾ ಕೂತ್ರೆ ಆಗಲ್ಲ.’ ಅವನಿಗೆ ಇನ್ನೊಂದು ಅಭ್ಯಾಸವೂ ಇದೆ. ಊರಿನ ನೀರಿನ ಟ್ಯಾಂಕಿನ ಹಿಂದೆ ಮೊಬೈಲ್ ಟವರ್ ನೇರಕ್ಕೆ ಬಂದರೆ ಪಾತ್ರದ ಮೇಲಿದ್ದೇವೆ ಅಂತ ಅವನ ಲೆಕ್ಕ. ಆ ನೇರವನ್ನೂ ನಕ್ಷೆಯಲ್ಲಿ ಗೆರೆ ಎಳೆದು ಸೇರಿಸಿದ್ದೇನೆ. ಫೋನೂ ಟವರೂ ಬೇರೆ ಬೇರೆ ಮಾತಾಡಿದರೆ ದೋಣಿ ನಿಲ್ಲಿಸಿ ಯೋಚಿಸುವುದು.

ಧನುರ್ಮಾಸದ ಮಂಜಿನಲ್ಲಿ ಟವರೂ ಇಲ್ಲ ಟ್ಯಾಂಕೂ ಇಲ್ಲ. ಆಗ ಬಂದ ದಾರಿಯ ಟ್ರ್ಯಾಕ್ ಹಿಡಿದೇ ವಾಪಸ್ ಬನ್ನಿ, ಹೊಸ ಅಡ್ಡದಾರಿ ಬೇಡ. ನಿಧಾನಕ್ಕೆ ಹೋಗಿ, ಪೀಪಿ ಊದುತ್ತಿರಿ. ದೀಪವಿಲ್ಲದ ತೆಪ್ಪಗಳು ಬೇರೆಯೂ ಇರುತ್ತವೆ, ಅವು ಯಾವ ನಕ್ಷೆಯಲ್ಲೂ ಇಲ್ಲ.

ಫೋನನ್ನು ಜಿಪ್ ಕವರಿನಲ್ಲಿ ಹಾಕಿ ಕೊರಳಿಗೆ ದಾರ ಕಟ್ಟಿ. ಮೀನಿನ ಲೋಳೆ ಹತ್ತಿದ ಬೆರಳಿಗೆ ಸ್ಕ್ರೀನ್ ಬಗ್ಗುವುದಿಲ್ಲ, ಒಣ ಬಟ್ಟೆ ಇರಲಿ. ಪವರ್ ಬ್ಯಾಂಕ್ ಇರಲಿ. ಅದೂ ಕೈಕೊಟ್ಟರೆ ಅಂತ ನಕ್ಷೆಯ ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡಿಸಿ, ಮುಖ್ಯ ಜಾಗಗಳಿಂದ ದಡಕ್ಕೆ ಎಷ್ಟು ಡಿಗ್ರಿ ಅಂತ ಬರೆದಿಡಿ. ಒಂದು ಸಾದಾ ದಿಕ್ಸೂಚಿ ಸಾಕು. ಮುಳ್ಳು ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಮ್ಮ ಕಡೆ ಎರಡು ಡಿಗ್ರಿಯಷ್ಟೂ ವ್ಯತ್ಯಾಸವಿಲ್ಲ, ಆ ತಲೆಬಿಸಿ ಬೇಡ. ಮೋಟಾರಿನ ಪಕ್ಕ ಮಾತ್ರ ಇಡಬೇಡಿ.

ನಕ್ಷೆಯಲ್ಲಿ ಕೆಂಪು ಹಚ್ಚಲೇಬೇಕಾದ ಜಾಗ ಸೈಫನ್, ಅಂದರೆ ಜಲಾಶಯ ತುಂಬಿದಾಗ ಹೆಚ್ಚಿನ ನೀರನ್ನು ಹೊರಹಾಕುವ ಕೊಳವೆದಾರಿಯ ಸುತ್ತಮುತ್ತ. ಮಾರ್ಕೋನಹಳ್ಳಿಯ ಸೈಫನ್‌ಗಳನ್ನು ಯಾರೂ ತೆರೆಯಬೇಕಿಲ್ಲ. ನೀರು ತನ್ನ ಮಟ್ಟ ಮೀರಿದರೆ ಒಳಗಿನ ಗಾಳಿ ಎಳೆದುಹೋಗಿ ತಾನಾಗೇ ಹರಿಯತೊಡಗುತ್ತವೆ, ಹಿಡಿದರೆ ಪೂರ್ತಿ ರಭಸದಲ್ಲೇ. ಜಲಾಶಯ ತುಂಬುವ ಹಂತದಲ್ಲಿ ಮೇಲಿನ ಕಡೆ ದೋಣಿ, ಕೆಳಗಿನ ಕಡೆ ಜನ ಎರಡೂ ಕೂಡದು. ಭರಣಿ, ಕೃತ್ತಿಕೆ ಮಳೆಯ ಕಾಲದಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕೇಳಿತೆಂದರೆ ಬಲೆ ಅಲ್ಲೇ ಬಿಟ್ಟು ಹತ್ತಿರದ ದಡಕ್ಕೆ ಬನ್ನಿ. ನಮ್ಮ ಊರಿನ ದಡವೇ ಆಗಬೇಕೆಂದಿಲ್ಲ. ಲೈಫ್ ಜಾಕೆಟ್ ಹಾಕಿಕೊಂಡಿರಬೇಕು, ಅದರ ಮೇಲೆ ಕೂತಿರಬಾರದು. ಯಾವ ಕಡೆಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಮನೆಯಲ್ಲಿ ಹೇಳಿ. ತೊಂದರೆಯಾದರೆ 112ಕ್ಕೆ ಮಾಡಿ, ಫೋನಿನಲ್ಲಿ ಕಾಣುವ ಅಕ್ಷಾಂಶ ರೇಖಾಂಶ ಓದಿ ಹೇಳಿ.

ನಕ್ಷೆ ಆದ ಮೇಲೆ ಎರಡು ಫೋಲ್ಡರ್ ಮಾಡಿ. ಬೊಡ್ಡೆ, ಬಾವಿ, ಗುಂಡಿ, ಸೈಫನ್ ಒಂದರಲ್ಲಿ. ಅದನ್ನು ದಡದಲ್ಲಿ ತೆಪ್ಪ ಕಟ್ಟುವ ಎಲ್ಲರಿಗೂ ವಾಟ್ಸಾಪ್ ಮಾಡಿ. ಕಾಟ್ಲಾ ಎಲ್ಲಿ ಸಿಕ್ಕಿತು, ಕೊರವ ಮೀನು ಯಾವ ಪೊದೆಯಲ್ಲಿ ಅನ್ನುವ ಗುರುತುಗಳು ಇನ್ನೊಂದರಲ್ಲಿ. ಕಳಿಸುವ ಮೊದಲು ಯಾವ ಫೈಲ್ ಅಂತ ಒಮ್ಮೆ ತೆಗೆದು ನೋಡಿ. ಎರಡನೆಯದು ಹೋದರೆ ಭಾಮೈದ ನನ್ನ ಜೊತೆ ಮಾತು ಬಿಡುತ್ತಾನೆ.