ಜೊಂಡು ಕಿತ್ತು ಶಿಲುಬೆ ಹೆಣೆದದ್ದು: ಕ್ಲಾರಾದ ಒಂದು ದಿನ

ಐರ್ಲೆಂಡಿನಲ್ಲಿ ಓದುತ್ತಿರುವ ನಮ್ಮ ಕನ್ನಡದ ವಿದ್ಯಾರ್ಥಿಗಳನ್ನು ಡಬ್ಲಿನ್ನಿನಿಂದ ಹೊರಗೆ ಕರೆದೊಯ್ದು, ಒಂದೇ ಹಗಲಿನಲ್ಲಿ ಜೌಗುನೆಲವನ್ನೂ ತೋರಿಸಿ ಅಲ್ಲಿಯ ಕೈಕಸುಬೊಂದನ್ನೂ ಕಲಿಸುತ್ತೇನೆ ಎಂದಾಗ, ಇಂಥ ಪ್ರವಾಸಗಳನ್ನು ನಡೆಸಿ ಪಳಗಿದ ಗೆಳೆಯರೇ ನಕ್ಕಿದ್ದರು. ಆಫಲಿ ಕೌಂಟಿಯ ಕ್ಲಾರಾದಲ್ಲಿ ಅದು ಈಗ ಸಾಧ್ಯವಾಗಿದೆ, ಅದೂ ತಲೆಗೆ 35 ಯೂರೊ ದಾಟದಂತೆ.

ಮೊದಲು ಕೈಸುಟ್ಟದ್ದು ವಿಲ್ಲೋ ಎಂಬ ಮರದ ಕಡ್ಡಿಯಿಂದ ಹೆಣೆಯುವ ಬುಟ್ಟಿಯಲ್ಲಿ. ಸಿಪ್ಪೆಸಹಿತ ಒಣಗಿದ ಕಡ್ಡಿ ಬಾಗಬೇಕಾದರೆ ಉದ್ದದ ಪ್ರತಿ ಅಡಿಗೂ ಹೆಚ್ಚುಕಡಿಮೆ ಒಂದು ದಿನ ನೀರಿನಲ್ಲಿ ನೆನೆಯಬೇಕು. ಸಿಪ್ಪೆ ತೆಗೆದದ್ದು ಬೇಗ ನೆನೆಯುತ್ತದೆ, ಬೆಲೆ ಹೆಚ್ಚು. ಎರಡನ್ನೂ ತರಿಸಿದೆವು. ಸಂಜೆಯಾದರೂ ಬುಟ್ಟಿಯ ತಳವಷ್ಟೇ ಆಗಿತ್ತು, 200 ಯೂರೊ ಹೋಗಿತ್ತು. ಅದರ ಮೇಲೆ ಬಸ್ಸಿನ ಬಾಡಿಗೆ 600ಕ್ಕೂ ಹೆಚ್ಚು. ಹೆಸರು ಕೊಟ್ಟವರಲ್ಲಿ ಮೂರನೇ ಒಂದು ಪಾಲು ಬೆಳಗ್ಗೆ ಏಳಲೇ ಇಲ್ಲವಾದರೂ ಬಾಡಿಗೆ ಕಡಿಮೆಯಾಗುವುದಿಲ್ಲವಷ್ಟೆ.

ಆದ್ದರಿಂದ ಬಸ್ಸನ್ನೂ ಬುಟ್ಟಿಯನ್ನೂ ಬಿಟ್ಟೆ. ಡಬ್ಲಿನ್–ಗಾಲ್ವೇ ರೈಲು ಕ್ಲಾರಾದಲ್ಲಿ ನಿಲ್ಲುತ್ತದೆ, ವಿದ್ಯಾರ್ಥಿ ದರದಲ್ಲಿ ಹೋಗಿಬರಲು 20 ಯೂರೊ ಆಸುಪಾಸು, ಬಾರದವನ ಟಿಕೆಟ್ಟು ಅವನ ತಲೆಗೇ. ಕಸುಬಿಗೆ ಆರಿಸಿಕೊಂಡದ್ದು ಸಂತ ಬ್ರಿಜಿಡ್ ಶಿಲುಬೆ, ಐರ್ಲೆಂಡಿನ ಸಂತ ಮಹಿಳೆಯ ಹೆಸರಿನಲ್ಲಿ ಜೊಂಡಿನಿಂದ ಹೆಣೆಯುವಂಥದ್ದು. ಅದಕ್ಕೆ ಬೇಕಾದ ಜೊಂಡುಹುಲ್ಲು ನೀರು ನಿಲ್ಲುವ ಹೊಲಗಳಲ್ಲೆಲ್ಲ ಬೆಳೆಯುತ್ತದೆ, ನೆನೆಸುವ ಗೋಜಿಲ್ಲ, ರೈತರಿಗೆ ಅದು ಕಳೆ. ಅನುಮತಿ ಕೇಳಿದಾಗ ಹೊಲದ ಯಜಮಾನರು, ಎಷ್ಟು ಬೇಕಾದರೂ ಕಿತ್ತುಕೊಂಡು ಹೋಗಿ, ನಾಳೆಯೂ ಬನ್ನಿ ಎಂದರು. ಕತ್ತರಿಸದೆ ಬುಡದಿಂದ ಎಳೆದು ಕಿತ್ತರೆ ಉದ್ದವೂ ಸಿಗುತ್ತದೆ, ಬುಡದ ಬಿಳಿ ಭಾಗವೂ ಬರುತ್ತದೆ. ಬೆಳಗ್ಗೆಯೇ ಕಿತ್ತು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು, ಅಲ್ಲಿಂದ ಜೌಗಿಗೆ ನಡೆದೆವು.

ಕ್ಲಾರಾ ಬಾಗ್ ಎಂಬ ಈ ಜೌಗು 1987ರಿಂದ ಸಂರಕ್ಷಿತ ನೆಲ. ಅಲ್ಲಿಂದ ಒಂದು ಎಸಳನ್ನೂ ಕೀಳುವಂತಿಲ್ಲವೆಂಬುದನ್ನು ಹೊಲದಲ್ಲಿಯೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಜೊಂಡು ಕಿತ್ತ ಕೈ ಸುಮ್ಮನಿರುವುದಿಲ್ಲ. ಹಲಗೆಯ ಹಾದಿ ಸುಮಾರು ಒಂದು ಕಿಲೋಮೀಟರು. ಪೀಟ್, ಅಂದರೆ ಜೌಗಿನಲ್ಲಿ ಪೂರ್ತಿ ಕೊಳೆಯದೆ ಕೂಡಿಕೊಂಡ ಗಿಡಗಳ ಪದರ, ವರ್ಷಕ್ಕೆ ಒಂದು ಮಿಲಿಮೀಟರಿನಷ್ಟು ಮಾತ್ರ ಏರುತ್ತದೆ ಎಂದ ಮೇಲೆ ಕಾಲ ಕೆಳಗಿನ ಹತ್ತಿರ ಹತ್ತು ಮೀಟರಿನ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿಕೊಂಡರು. ಹಿಂದೆ ಪೀಟ್ ತೆಗೆಯುವ ಉದ್ದೇಶದಿಂದ ಪೂರ್ವಭಾಗದಲ್ಲಿ ತೋಡಿದ ಕಾಲುವೆಗಳನ್ನು ಈಗ ಕಟ್ಟಿ ನೀರು ನಿಲ್ಲಿಸುತ್ತಿದ್ದಾರೆ. ಎಲ್ಲರನ್ನೂ ಮೊಣಕಾಲೂರಿ ಕೂರಿಸಿದ್ದು ಮಾತ್ರ ಕೀಟ ತಿನ್ನುವ ಸನ್‌ಡ್ಯೂ. ಕರಾವಳಿಯ ಹುಡುಗಿಯೊಬ್ಬಳು ಅದರ ಜಾತಿಯ ಗಿಡವನ್ನು ತನ್ನೂರಿನ ಮುರಕಲ್ಲಿನ ಪಾರೆಯ ಮೇಲೆ ಮಳೆಗಾಲದಲ್ಲಿ ನೋಡಿದ್ದೇನೆ ಎಂದಳು, ಅದು ಸರಿಯೇ.

ಊಟದ ನಂತರ ಬಾಡಿಗೆಯ ಸಭಾಂಗಣದಲ್ಲಿ ಊರಿನ ಹಿರಿಯ ಮಹಿಳೆಯೊಬ್ಬರು ಕಲಿಸಿದರು. ಈ ಶಿಲುಬೆಯನ್ನು ಬ್ರಿಜಿಡ್ ಹಬ್ಬವಾದ ಫೆಬ್ರವರಿ 1ರ ಹಿಂದಿನ ಸಂಜೆ ಹೆಣೆಯುವುದು ವಾಡಿಕೆ, ಜೂನಿನಲ್ಲೇಕೆ ಎಂದು ಅವರು ಮೊದಲು ಹುಬ್ಬೇರಿಸಿದರು. ಫೆಬ್ರವರಿಯಲ್ಲಿ ಐದೂಕಾಲಕ್ಕೆಲ್ಲ ಕತ್ತಲು, ಜೂನಿನಲ್ಲಿ ರಾತ್ರಿ ಹತ್ತರವರೆಗೆ ಬೆಳಕು ಎಂಬುದೇ ನನ್ನ ಉತ್ತರವಾಗಿತ್ತು. ಒಂದು ಎಳೆ ನಿಲ್ಲಿಸಿ, ಇನ್ನೊಂದನ್ನು ಅದರ ನಡುವಿಗೆ ಸುತ್ತಿ ಮಡಚಿ, ಕಾಲುಸುತ್ತು ತಿರುಗಿಸಿ ಮತ್ತೊಂದು ಎಳೆಯನ್ನು ಮಡಚುತ್ತಾ ಹೋಗುವುದೇ ಇದರ ಹೆಣಿಗೆ. ಹಸಿ ಜೊಂಡು ಒಣಗಿದ ಮೇಲೆ ಕುಗ್ಗಿ ನಡುಭಾಗ ಸಡಿಲವಾಗುವುದೇ ಇದರ ಪೀಡೆ. ನಾವು ಹೆಣೆದವು ತಿಂಗಳ ಮೇಲೂ ಬಿಗಿಯಾಗಿವೆ. ಮೊದಲ ನಾಲ್ಕು ಮಡಿಕೆಗಳನ್ನು ಹಿಡಿಯುವುದರಲ್ಲಿ ಒಂದು ಉಪಾಯವಿದೆ. ಅದನ್ನು ಆ ಅಜ್ಜಿ ನನಗೆ ಹೇಳಿಕೊಟ್ಟದ್ದು, ಇಲ್ಲಿ ಬರೆಯುವುದಿಲ್ಲ. ತುದಿಗಳಿಗೆ ರಬ್ಬರ್ ಬ್ಯಾಂಡ್ ಬಿಟ್ಟು ಸೆಣಬಿನ ಹುರಿ ಕಟ್ಟಿಸಿದೆ. ಗುಡ್‌ಬಾಡಿ ಮನೆತನದ ಸೆಣಬಿನ ಕಾರ್ಖಾನೆ ಬಹುಕಾಲ ನಡೆದದ್ದು ಇದೇ ಕ್ಲಾರಾದಲ್ಲಿ.

ಬಿಡುವಿನಲ್ಲಿ ಉಣ್ಣೆಗೆ ಬಣ್ಣ ಹಾಕುವುದನ್ನೂ ಪ್ರಯತ್ನಿಸಿದೆವು. ಇಲ್ಲಿ ಕುರಿಯ ಉಣ್ಣೆ ಕತ್ತರಿಸಿದ ಕೂಲಿಯೂ ಅದರ ಮಾರಾಟದಿಂದ ಹುಟ್ಟದ ಕಾರಣ, ಹಸಿ ಉಣ್ಣೆ ಪುಕ್ಕಟೆ ಸಿಕ್ಕಿತು. ಅರಿಸಿನದ ಹಳದಿ ಕಿಟಕಿಯ ಬಿಸಿಲಿಗೆ ಕೆಲವೇ ದಿನಗಳಲ್ಲಿ ಮಾಸಿತು. ಪಟಿಕ ಹಾಕಿದ ಈರುಳ್ಳಿ ಸಿಪ್ಪೆಯ ಬಣ್ಣ ನಿಂತಿದೆ. ಆದರೆ ಜಿಡ್ಡು ತೊಳೆಯುವುದಕ್ಕೇ ಅರ್ಧ ಮಧ್ಯಾಹ್ನ ಬೇಕು, ಆದ್ದರಿಂದ ತೊಳೆದ ಉಣ್ಣೆ ಸಿಗದಿದ್ದರೆ ಕೈಹಾಕಬೇಡಿ.

ಕಲಿಸಿದವರಿಗೆ 150, ಸಭಾಂಗಣಕ್ಕೆ 50ರ ಒಳಗೆ, ಹುರಿಗೆ ಐದಾರು ಯೂರೊ; ಬುತ್ತಿ ಅವರವರದು. ಹದಿನೆಂಟು ಮಂದಿಗಿಂತ ಹೆಚ್ಚಾದರೆ ಕಲಿಸುವವರು ಇಬ್ಬರು ಬೇಕಾಗುತ್ತಾರೆ, ಆಗ ಈ ಲೆಕ್ಕ ನಿಲ್ಲುವುದಿಲ್ಲ.